ಇ-ಜರ್ನಲ್ ಓದಿಸೋಕೆ ಯಾವ ದಾರಿ ಮೇಲು? ಸಭೆ, ವಾಟ್ಸಾಪ್, ಪೋಸ್ಟರ್, ವಿಭಾಗದ ಭೇಟಿ

2025ರ ಜನವರಿಯಲ್ಲಿ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ ಯೋಜನೆ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು (ಆನ್‌ಲೈನಿನಲ್ಲಿ ಓದುವ ಸಂಶೋಧನಾ ಪತ್ರಿಕೆಗಳು) ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುವಂತಾಯಿತು. ಇದಕ್ಕೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ ತೆಗೆದಿಟ್ಟಿದ್ದು 6,000 ಕೋಟಿ ರೂಪಾಯಿ. ಎಲ್ಲಾ ಜನರ ದುಡ್ಡು. ಅದು ಓದುವವರಿಗೆ ತಲುಪದಿದ್ದರೆ, ಧಾರವಾಡದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವ ನನಗೆ ಸಂಕಟವಾಗುತ್ತದೆ. ಹಾಗಾಗಿ ತಲುಪಿಸೋಕೆ ಬೇರೆ ಬೇರೆ ದಾರಿ ಹಿಡಿದು ನೋಡಿದೆವು.

ದೊಡ್ಡ ಹಾಲ್‌ನಲ್ಲಿ ಓರಿಯಂಟೇಷನ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನನ್ನ ಮಟ್ಟಿಗೆ ಇದಕ್ಕೆ ಕೊನೆಯ ಸ್ಥಾನ. ಆಗತಾನೇ ಸೇರಿದ ಹುಡುಗರಿಗೆ ಹಾಸ್ಟೆಲ್, ಫೀ, ಬಸ್ ಪಾಸ್ ಚಿಂತೆ. ಜರ್ನಲ್ ಹೆಸರು ತಲೆಗೆ ಹೋಗುವ ಹೊತ್ತಲ್ಲ ಅದು. ನಮ್ಮ ಮುಖಪರಿಚಯ ಆಗುತ್ತದೆ, ಅಷ್ಟೇ.

ವಾಟ್ಸಾಪ್ ಹಾಗಲ್ಲ, ಬಳಸುವ ರೀತಿಯ ಮೇಲೆ ನಿಂತಿದೆ. ಲಿಂಕುಗಳ ಉದ್ದ ಪಟ್ಟಿ ಹಾಕಿದರೆ ಯಾರೂ ತೆರೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿದರೆ ತೆರೆಯುತ್ತಾರೆ. “ನಿಮ್ಮ ವಿಷಯದಲ್ಲಿ ಮೊದಲೇ ಯಾರಾದರೂ ಪಿಎಚ್.ಡಿ. ಮಾಡಿದ್ದಾರಾ? ಶೋಧಗಂಗಾದಲ್ಲಿ (ದೇಶದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಹೀಗೆ ನೋಡಿ” ಅಂತ ಒಂದು ಸ್ಕ್ರೀನ್‌ಶಾಟ್ ಜೊತೆ ಹಾಕಿದಾಗ ಪ್ರಶ್ನೆಗಳು ಬರತೊಡಗಿದವು. ಅದೂ ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಕೊಡುವ ದಿನ ಹತ್ತಿರ ಇದ್ದಾಗ ಇನ್ನೂ ಜಾಸ್ತಿ.

ಪೋಸ್ಟರ್ ವಿಷಯದಲ್ಲಿ ಜಾಗವೇ ಮುಖ್ಯ. ನೋಟಿಸ್ ಬೋರ್ಡಿನಲ್ಲಿ ಫಲಿತಾಂಶ ಬಂದ ದಿನ ಬಿಟ್ಟರೆ ಯಾರೂ ನಿಲ್ಲುವುದಿಲ್ಲ. ಬ್ಯಾಗ್ ಇಡುವ ಕೌಂಟರ್, ಝೆರಾಕ್ಸ್ ಅಂಗಡಿ, ಕುಡಿಯುವ ನೀರಿನ ಫಿಲ್ಟರ್ ಹತ್ತಿರ ಸುಮ್ನೆ ನಿಲ್ಲಲೇಬೇಕಲ್ವಾ? ಅಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಆ ಕೋಡ್ ಗ್ರಂಥಾಲಯದ ಮುಖಪುಟಕ್ಕೆ ಹೋಗಬಾರದು, ನೇರವಾಗಿ ಕ್ಯಾಂಪಸ್ ಹೊರಗಿನಿಂದ ಲಾಗಿನ್ ಆಗುವ ನೋಂದಣಿ ಫಾರ್ಮ್‌ಗೇ ಹೋಗಬೇಕು.

ಯಾಕೆ ಅಂದರೆ, ದೊಡ್ಡ ತೊಡಕು ಇರುವುದೇ ಅಲ್ಲಿ. ಕ್ಯಾಂಪಸ್ ನೆಟ್‌ವರ್ಕಿನ ಐಪಿ ವಿಳಾಸ ನೋಡಿ ಪ್ರಕಾಶಕರ ಸೈಟ್ ಬಾಗಿಲು ತೆರೆಯುತ್ತದೆ. ಅದೇ ಲೇಖನವನ್ನು ಮೊಬೈಲ್ ಡೇಟಾದಲ್ಲಿ ತೆರೆದರೆ ಡಾಲರ್ ಲೆಕ್ಕದಲ್ಲಿ ಬೆಲೆ ತೋರಿಸುತ್ತದೆ. “ಸರ್, ರೂಮಿನ್ಯಾಗ ತೆಗದ್ರ ರೊಕ್ಕ ಕೇಳ್ತೈತ್ರಿ. ನಮ್ಮ ಲೈಬ್ರರ್ಯಾಗ ಇದು ಇಲ್ಲೇನ್ರಿ?” ಈ ಪ್ರಶ್ನೆ ಕೇಳದೇ ವಾಪಸ್ ಹೋದವರು ಎಷ್ಟು ಜನ ಇರಬೇಕು! ಕ್ಯಾಂಪಸ್ ಹೊರಗಿನಿಂದ ಲಾಗಿನ್ ಆಗೋಕೆ ಇರುವ ಇನ್‌ಫೆಡ್ ವ್ಯವಸ್ಥೆಯಲ್ಲಿ ಖಾತೆ ಇದ್ದರೆ ಮನೆಯಿಂದಲೂ ಓದಬಹುದು. ಇಷ್ಟು ಮಾತು ವಾಟ್ಸಾಪಿನಲ್ಲಾಗಲಿ ಪೋಸ್ಟರಿನಲ್ಲಾಗಲಿ ಸರಿಯಾಗಿ ಮುಟ್ಟುವುದಿಲ್ಲ.

ವಿಭಾಗಕ್ಕೇ ಲ್ಯಾಪ್‌ಟಾಪ್ ಹಿಡಿದು ಹೋದಾಗ ಮುಟ್ಟುತ್ತದೆ. ಭಾಷಣ ಇಲ್ಲ. ಒಬ್ಬೊಬ್ಬರ ವಿಷಯ ಕೇಳಿ ಅವರ ಎದುರೇ ಹುಡುಕುವುದು. ಹಾವೇರಿ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ವಿಷಯ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆ. “ಏನೂ ಸಿಗವಲ್ದು ಸರ್” ಅಂದಳು. ಬ್ಯಾಡಗಿಯನ್ನು ಇಂಗ್ಲಿಷಿನಲ್ಲಿ ಕೆಲವರು ‘ಡ’ ಆದ ಮೇಲೆ ‘ಎ’ ಹಾಕಿ ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಎರಡೂ ರೀತಿ ಕೊಟ್ಟು, ನಡುವೆ ‘ಆರ್’ (OR, ಅಂದರೆ ‘ಅಥವಾ’) ಅನ್ನುವ ಪದ ಸೇರಿಸಿ ಹುಡುಕಿದೆವು. ಲೇಖನಗಳು ಸಾಲಾಗಿ ಬಂದವು. ಆಕೆ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು, ಮುಂದಿನದನ್ನು ತಾನೇ ಟೈಪ್ ಮಾಡಿದಳು. ಏಳುವ ಮುಂಚೆ ಖಾತೆಗೂ ಅರ್ಜಿ ಹಾಕಿಸಿದೆ. ಆಮೇಲೆ ಪಕ್ಕದ ಟೇಬಲ್‌ನವರನ್ನು ಆಕೆಯೇ ಕರೆತಂದಳು.

ಇದರಲ್ಲಿ ಕಷ್ಟ ಇಲ್ಲದೇ ಇಲ್ಲ. ಸಿಬ್ಬಂದಿ ಕಡಿಮೆ ಇರುವಲ್ಲಿ ಒಬ್ಬರು ಕೌಂಟರ್ ಬಿಟ್ಟು ಹೊರಗೆ ಹೋಗುವುದು ಸುಲಭ ಅಲ್ಲ. ಒಂದು ಮಧ್ಯಾಹ್ನಕ್ಕೆ ಸಿಗುವವರೂ ಕೆಲವೇ ಜನ. ಆದರೂ ನಾನು ಇದನ್ನೇ ಮೊದಲಿಡುತ್ತೇನೆ, ವಾಟ್ಸಾಪನ್ನು ಎರಡನೆಯದಾಗಿ. ಪೋಸ್ಟರ್ ಇವೆರಡಕ್ಕೆ ಜೊತೆ ಇರಲಿ.

ಮೇಷ್ಟ್ರು, ಮೇಡಂಗಳ ಲೆಕ್ಕ ಬೇರೆ. ತರಬೇತಿಗೆ ಬನ್ನಿ ಅಂದರೆ ಅವರಿಗೆ ಪುರುಸೊತ್ತು ಇರುವುದಿಲ್ಲ. ಅವರ ಸಿಲಬಸ್ ಇಸಿದುಕೊಂಡು, ಒಂದೊಂದು ಘಟಕಕ್ಕೆ ಎರಡು-ಮೂರು ಲೇಖನದ ಲಿಂಕ್ ಜೋಡಿಸಿ ಕೊಡಿ. ಅದರಲ್ಲೊಂದನ್ನು ಅವರು ಅಸೈನ್‌ಮೆಂಟ್‌ಗೆ ಹಾಕಿದರೆ ಇಡೀ ತರಗತಿ ಲಾಗಿನ್ ಕೇಳಿಕೊಂಡು ಬರುತ್ತದೆ.

ವಿಭಾಗಕ್ಕೆ ಹೋಗುವುದಾದರೆ ವಾರದ ನಡುವೆ ಹೋಗಿ. ಶನಿವಾರ ಬೇಡ. ಗದಗ, ಹಾವೇರಿ ಕಡೆಯವರು ಊರಿನ ಬಸ್ ಹಿಡಿಯುವ ಗಡಿಬಿಡಿಯಲ್ಲಿರುತ್ತಾರೆ.