ಬೀಚ್ ರಜೆಯಲ್ಲಿ ಥಾಯ್, ಇಟಾಲಿಯನ್, ಜಪಾನಿ

ಈ ಸಲದ ಬೀಚ್ ರಜೆಯಲ್ಲಿ ಬೇರೆ ಬೇರೆ ದೇಶದ ಊಟ ಹುಡುಕಿಕೊಂಡು ತಿಂದೆ. ನನ್ನ ಮೊದಲ ಓಟು ಥಾಯ್ ಹೋಟೆಲಿಗೆ. ಟಾಮ್ ಯಮ್ ಸೂಪ್ ಮೇಜಿಗೆ ಬರುವ ಮೊದಲೇ ಲೆಮನ್‌ಗ್ರಾಸ್ ಘಮ ಮೂಗಿಗೆ ಬಡಿಯಿತು. ಬಟ್ಟಲಲ್ಲಿ ಶುಂಠಿಯಂಥ ಗಲಾಂಗಲ್ ಬೇರಿನ ಬಿಲ್ಲೆ, ನಿಂಬೆ ಎಲೆ ತೇಲುತ್ತಿದ್ದವು. ಅವು ಪರಿಮಳಕ್ಕಷ್ಟೇ, ಅಗಿಯಲು ಹೋಗಬೇಡಿ, ಪಕ್ಕಕ್ಕೆ ಎತ್ತಿಡಿ. ಸೀಗಡಿ ಹದವಾಗಿ ಬೆಂದಿತ್ತು, ರಬ್ಬರ್ ಆಗಿರಲಿಲ್ಲ. ಹುಳಿ, ಖಾರ ಎರಡೂ ಜೋರು. ಮೂಗು ಒರೆಸಿಕೊಳ್ಳುತ್ತಲೇ ಬಟ್ಟಲು ಖಾಲಿ ಮಾಡಿದೆ.

ಇಟಾಲಿಯನ್ ಹೋಟೆಲಿನಲ್ಲಿ ಕಟ್ಟಿಗೆ ಒಲೆ ಕಾಣುವ ಮೇಜನ್ನೇ ಕೇಳಿ ಪಡೆದೆ. ನೇಪಲ್ಸ್ ಶೈಲಿಯ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಅದಕ್ಕೆ ಒಲೆ 400 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾದಿರಬೇಕು. ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿತ್ತು. ನಡುಭಾಗ ಮೆತ್ತಗೆ, ಕೊಂಚ ಒದ್ದೆ. ಗರಿಗರಿ ಬೇಕು ಅನ್ನುವವರಿಗೆ ಹಿಡಿಸಲಿಕ್ಕಿಲ್ಲ. ನನಗಂತೂ ಖುಷಿಯಾಯಿತು.

ನಿರಾಸೆ ಆಗಿದ್ದು ಜಪಾನಿನ ಅನ್ನ-ಮೀನಿನ ತಿನಿಸು ಸುಶಿಯಲ್ಲಿ. ಸುಶಿಯ ಅನ್ನ ಉಗುರು ಬೆಚ್ಚಗಿದ್ದರೇ ಚೆಂದ. ಇಲ್ಲಿ ಫ್ರಿಜ್‌ನಿಂದ ತೆಗೆದಂತೆ ತಣ್ಣಗೆ, ಗಟ್ಟಿ. ಮೀನು ತಾಜಾ ಇತ್ತು ನಿಜ, ಆದರೆ ಅನ್ನ ಕೆಟ್ಟರೆ ಮೀನು ಏನು ಮಾಡೀತು, ಅಲ್ವಾ? ಅದೇ ಮೆನುವಿನಲ್ಲಿ ಟಾಕೋ, ಪಾಸ್ತಾ, ಹಮ್ಮಸ್ ಎಲ್ಲ ಇದ್ದವು. ಅದನ್ನು ನೋಡಿಯೇ ಸುಮ್ನೆ ಎದ್ದು ಬರಬಹುದಿತ್ತು, ಆದರೆ ಹಸಿವು ಬಿಡಲಿಲ್ಲ.

ಥಾಯ್ ಹೋಟೆಲಿಗೆ ಹೋಗುವವರು ಸೂರ್ಯ ಮುಳುಗುವ ಮೊದಲೇ ಹೋಗಿ. ಆಮೇಲೆ ಮರಳಿನಿಂದ ಎದ್ದವರೆಲ್ಲ ಒಟ್ಟಿಗೆ ಬರುತ್ತಾರೆ, ಕಿಟಕಿ ಪಕ್ಕದ ಜಾಗ ಸಿಗುವುದಿಲ್ಲ.