ಪೊಸಕೊನಜೋಲ್ ಮಾತ್ರೆ: ಅಪ್ಪನನ್ನು ನೋಡಿಕೊಂಡವಳ ಅನುಭವ

2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ನಮ್ಮ ಅಪ್ಪನಿಗೆ ಕಪ್ಪು ಶಿಲೀಂಧ್ರ ತಗುಲಿತು. ಮೊದಲೇ ಸಕ್ಕರೆ ಕಾಯಿಲೆ. ಸೈನಸ್ ಶಸ್ತ್ರಚಿಕಿತ್ಸೆ, ಶಿಲೀಂಧ್ರಕ್ಕೆ ಕೊಡುವ ಅಂಫೋಟೆರಿಸಿನ್ ಚುಚ್ಚುಮದ್ದು ಮುಗಿದ ಮೇಲೆ ವೈದ್ಯರು ಬರೆದುಕೊಟ್ಟದ್ದು ಅದೇ ಸೋಂಕಿಗೆ ನುಂಗುವ ಪೊಸಕೊನಜೋಲ್ 100 ಮಿ.ಗ್ರಾಂ ಮಾತ್ರೆ: ಮೊದಲ ದಿನ ಎರಡು ಹೊತ್ತು ಮೂರು ಮೂರು, ನಂತರ ದಿನಕ್ಕೊಮ್ಮೆ ಮೂರು.

ಬೆಲೆ ಕೈ ಸುಡುತ್ತದೆ. ಆದರೆ ಅಪ್ಪ ಉಳಿದರು, ಕಣ್ಣೂ ಉಳಿಯಿತು. ಈ ಮಾತ್ರೆಗೆ ನಾನು ಋಣಿ.

ಯಾವ ಮಾತ್ರೆಯನ್ನಾದರೂ ಎರಡು ತುಂಡು ಮಾಡಿಯೇ ನುಂಗುವುದು ಅಪ್ಪನ ರೂಢಿ. ಇದನ್ನು ಮಾತ್ರ ಮುರಿಯಲು ಬಿಡಲಿಲ್ಲ. ಜಠರದ ಆಮ್ಲಕ್ಕೆ ಕರಗದೆ ಕರುಳಿನಲ್ಲಿ ಕರಗಲೆಂದೇ ಇದನ್ನು ರೂಪಿಸಿದ್ದಾರೆ. ಊಟದ ಜೊತೆ ಕೊಟ್ಟರೆ ಔಷಧ ಮೈಗೆ ಚೆನ್ನಾಗಿ ಹತ್ತುತ್ತದೆ.

ಒಮ್ಮೆ ಅಂಗಡಿಯವರು ಮಾತ್ರೆ ಇಲ್ಲವೆಂದು ಇದೇ ಔಷಧದ ದ್ರವದ ಬಾಟಲಿ ಮುಂದಿಟ್ಟು, ‘ಎರಡೂ ಒಂದೇ’ ಎಂದರು. ಖಂಡಿತ ಒಂದೇ ಅಲ್ಲ! ಎರಡರ ಪ್ರಮಾಣವೇ ಬೇರೆ. ವೈದ್ಯರನ್ನು ಕೇಳದೆ ಬದಲಿಸಲೇಬಾರದು.

ಮನೆಯಲ್ಲಿದ್ದ ಔಷಧಗಳನ್ನೆಲ್ಲ ಚೀಲದಲ್ಲಿ ತುಂಬಿ ವೈದ್ಯರಿಗೆ ತೋರಿಸಿದ್ದೆ. ಅವರು ಕೊಲೆಸ್ಟರಾಲ್‌ನ ಅಟೊರ್ವಾಸ್ಟಾಟಿನ್ ಅನ್ನು ತಕ್ಷಣ ನಿಲ್ಲಿಸಿದರು. ಪೊಸಕೊನಜೋಲ್ ಜೊತೆ ಅದು ರಕ್ತದಲ್ಲಿ ಹೆಚ್ಚಿ, ಸ್ನಾಯುಗಳನ್ನೇ ಹಾಳುಮಾಡಬಹುದು. ಪೊಸಕೊನಜೋಲ್ ನುಂಗುವಾಗ ಲಿವರ್ ಮತ್ತು ಪೊಟ್ಯಾಸಿಯಂ ಪರೀಕ್ಷೆ, ಇಸಿಜಿ ತಪ್ಪಿಸಬೇಡಿ. ಕಣ್ಣು ಹಳದಿಯಾದರೆ, ಎದೆಬಡಿತ ಏರುಪೇರಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.