ಹಿಟ್ಟೋ, ಅನ್ನವೋ, ಚಪಾತಿಯೋ: ಶುಗರ್ ಅನುಮಾನ ಬಂದವರಿಗೆ ಅಳೆದು ನೋಡಿದ ಹೋಲಿಕೆ

ಮಂಡ್ಯದ ಕಡೆ ಯಾರಿಗಾದರೂ ಶುಗರ್ ಇದೆಯೇನೋ ಅನ್ನುವ ಅನುಮಾನ ಬಂದರೆ ಮೊದಲು ಸಿಗುವ ಸಲಹೆ, "ಅನ್ನ ಬಿಟ್ಬುಡಣ್ಣ, ಎರಡೊತ್ತೂ ಹಿಟ್ಟು ಉಣ್ಣು." ಹಿಟ್ಟು ಅಂದರೆ ಇಲ್ಲಿ ರಾಗಿ ಮುದ್ದೆ. ಮೈಸೂರಿನ ಬಡಾವಣೆಗಳಲ್ಲಿ ಅದೇ ಸಲಹೆ ರಾತ್ರಿಯ ಚಪಾತಿಯಾಗುತ್ತದೆ. ಈಚೆಗೆ ನವಣೆ, ಸಾಮೆ ಅನ್ನುವವರೂ ಹೆಚ್ಚಿದ್ದಾರೆ. ಇದರಲ್ಲಿ ಎಷ್ಟು ನಿಜ ಎಂದು ತಿಳಿಯಲು ಸೋನಾ ಮಸೂರಿ ಅನ್ನ, ರಾಗಿ ಹಿಟ್ಟು, ಚಪಾತಿ, ನವಣೆ ಅನ್ನ, ನಾಲ್ಕನ್ನೂ ಒಂದೇ ಸಾರಿನ ಜೊತೆ, ಒಂದೇ ಹೊತ್ತಿಗೆ ಉಂಡು, ಗ್ಲುಕೋಮೀಟರಿನಲ್ಲಿ ಅಳೆದು ಹೋಲಿಸಿದ್ದು ಇಲ್ಲಿದೆ. ಅಳೆದದ್ದು ಒಂದೇ ಮೈಯ ಮೇಲೆ. ಮಾತ್ರೆ ಇನ್ನೂ ಶುರುವಾಗದ, ಶುಗರಿನ ಗಡಿಯಲ್ಲಿರುವ ಮೈ. ನಿಮ್ಮ ಮೈ ಬೇರೆ ಉತ್ತರ ಕೊಡಬಹುದು. ಅದಕ್ಕೇ ಅಂಕಿಗಿಂತ ಅಳೆಯುವ ಕ್ರಮವನ್ನು ಹೆಚ್ಚು ಬಿಡಿಸಿ ಬರೆದಿದೆ.

ತಟ್ಟೆ ಬದಲಿಸುವ ಮೊದಲು ಅನುಮಾನ ತೀರಬೇಕು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು, ಊಟ ಸರಿಯಿದ್ದೂ ಮೈ ಇಳಿಯುವುದು, ಕಣ್ಣು ಮಂಜಾಗುವುದು, ಗಾಯ ಮಾಯದಿರುವುದು ಎಲ್ಲರೂ ಬಲ್ಲ ಗುರುತುಗಳು. ಆದರೆ ಇದೊಂದೂ ಕಾಣಿಸದೆ ವರ್ಷಗಟ್ಟಲೆ ಶುಗರ್ ಏರಿಕೊಂಡೇ ಇರುವವರು ಬಹಳ ಮಂದಿ. ಮೂತ್ರಕ್ಕೆ ಇರುವೆ ಮುತ್ತಿಲ್ಲ, ಹಾಗಾಗಿ ನನಗಿಲ್ಲ ಎನ್ನುವ ಲೆಕ್ಕ ನಂಬಬೇಡಿ. ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. 140, 150ರಲ್ಲಿ ಇರುವೆಗೆ ಏನೂ ಗೊತ್ತಾಗುವುದಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ, ಬಸುರಿಯಿದ್ದಾಗ ಶುಗರ್ ಬಂದು ಹೋಗಿದ್ದರೆ ಗುರುತಿಗೆ ಕಾಯದೆ ಲ್ಯಾಬಿಗೆ ಹೋಗುವುದು ಸರಿ.

ಲ್ಯಾಬಿನಲ್ಲಿ ಮೂರು ದಾರಿ. 8 ಗಂಟೆ ಏನೂ ತಿನ್ನದೆ ಕೊಡುವ ಫಾಸ್ಟಿಂಗ್ ಎಲ್ಲಕ್ಕಿಂತ ಅಗ್ಗ: 100ರ ಒಳಗೆ ಸರಿ, 100ರಿಂದ 125 ಗಡಿ, 126 ಮತ್ತು ಮೇಲೆ ಶುಗರ್. ಊಟವಾದ ಮೇಲೆ ಮಾತ್ರ ಏರುವವರು ಇದರಲ್ಲಿ ತಪ್ಪಿಸಿಕೊಳ್ಳುತ್ತಾರೆ. ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ, ಸುಮಾರು ಮೂರು ತಿಂಗಳ ಸರಾಸರಿ ಸಿಗುತ್ತದೆ: 5.7ರ ಒಳಗೆ ಸರಿ, 6.4ರವರೆಗೆ ಗಡಿ, 6.5ರಿಂದ ಶುಗರ್. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಈಚೆಗೆ ರಕ್ತ ಹೋಗಿದ್ದರೆ, ರಕ್ತ ಕೊಟ್ಟಿದ್ದರೆ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ನೆನೆದರೆ, ಹಿಮೋಗ್ಲೋಬಿನ್ ನೋಡದೆ ಎ1ಸಿ ಒಂದನ್ನೇ ನೆಚ್ಚುವುದು ತಪ್ಪು. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಗೆ ನೋಡುವುದು ಮೂರನೆಯದು: 140ರ ಒಳಗೆ ಸರಿ, 200ರಿಂದ ಶುಗರ್, ನಡುವಿನದು ಗಡಿ. ಎರಡು ಗಂಟೆ ಕೂರುವ ತಾಪತ್ರಯ ಇದ್ದರೂ ಉಳಿದೆರಡರಲ್ಲಿ ಜಾರಿದವರನ್ನು ಹಿಡಿಯುವುದು ಇದೇ. ಗುರುತುಗಳಿಲ್ಲದವರಿಗೆ ಒಂದೇ ಅಂಕಿ ಸಾಲದು, ಎರಡು ಪರೀಕ್ಷೆ ಒಂದೇ ಮಾತು ಹೇಳಬೇಕು. ಗ್ಲುಕೋಸ್ ಪರೀಕ್ಷೆಗೆ ಮುಂಚಿನ ಮೂರು ದಿನ ಎಂದಿನಂತೆ ಉಣ್ಣಿ. ಹೆದರಿ ಅನ್ನ ಬಿಟ್ಟು ಹೋದವರಿಗೆ ಸುಳ್ಳು ಅಂಕಿ ಬರುತ್ತದೆ.

ಮನೆಯ ಮೀಟರ್ ತೀರ್ಮಾನಕ್ಕಲ್ಲ, ಹೋಲಿಕೆಗೆ. 100ರ ಮೇಲಿನ ಅಂಕಿಯಲ್ಲಿ ಶೇ. 15ರಷ್ಟು ಆಚೀಚೆ ಆಗುವುದು ಒಳ್ಳೆಯ ಮೀಟರಿಗೂ ಒಪ್ಪಿತ. ಅಂದರೆ 150 ಮತ್ತು 165 ಎರಡೂ ಒಂದೇ ಇರಬಹುದು. ಅದಕ್ಕಿಂತ ದೊಡ್ಡ ತಪ್ಪು ನಮ್ಮ ಕೈಯಲ್ಲೇ ಇರುತ್ತದೆ. ಬೆಲ್ಲ ಮುಟ್ಟಿದ ಬೆರಳು, ಬಾಳೆಹಣ್ಣು ಸುಲಿದ ಬೆರಳು ಹಾಗೇ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆ ರಕ್ತದ ಹನಿಗೆ ಬೆರೆತು ಅಂಕಿ ಎದೆ ಒಡೆಯುವಷ್ಟು ಏರುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೂ ಅದು ಪೂರ್ತಿ ಹೋಗುವುದಿಲ್ಲ. ಸೋಪಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ ಎರಡನೆಯದನ್ನು ಸ್ಟ್ರಿಪ್ಪಿಗೆ ತಾಗಿಸಿ. ಬೆರಳನ್ನು ಹಿಂಡಬೇಡಿ, ಕೈ ಕೆಳಗಿಳಿಸಿದರೆ ಹನಿ ತಾನೇ ಬರುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೆ ಅವು ಕೆಡುತ್ತವೆ.

ಇನ್ನು ತಟ್ಟೆ. ನಾಲ್ಕರಲ್ಲೂ ಪಿಷ್ಟ ಸುಮಾರು 60 ಗ್ರಾಂ ಬರುವಂತೆ ತೂಗಿದ್ದು ಹೀಗೆ: ಮುದ್ದೆಗೆ ಒಣ ರಾಗಿ ಹಿಟ್ಟು 90 ಗ್ರಾಂ, ಅಕ್ಕಿ 75ರಿಂದ 80 ಗ್ರಾಂ, ಬೆಂದ ಮೇಲೆ ಹೆಚ್ಚುಕಮ್ಮಿ 220 ಗ್ರಾಂ ಅನ್ನ, ಗೋಧಿ ಹಿಟ್ಟು 90 ಗ್ರಾಂ, ಮೂರು ಚಪಾತಿ, ನವಣೆ 90ರಿಂದ 95 ಗ್ರಾಂ. ಜೊತೆಗೆ ಮೊಳಕೆ ಹುರುಳಿಕಾಳಿನ ಸಾರು ಒಂದು ಬಟ್ಟಲು, ಬೇರೇನೂ ಇಲ್ಲ. ಪ್ರತಿಯೊಂದಕ್ಕೂ ಮೂರು ದಿನ. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎಣಿಸಿ ಒಂದು ಗಂಟೆಗೆ, ಎರಡು ಗಂಟೆಗೆ ಇನ್ನೆರಡು ಸಲ. ಒಟ್ಟು 36 ಸ್ಟ್ರಿಪ್. ಗಮನಿಸಬೇಕಾದದ್ದು ಕೊನೆಯ ಅಂಕಿಯನ್ನಲ್ಲ, ಊಟಕ್ಕೆ ಮುಂಚಿನದರಿಂದ ಎಷ್ಟು ಏರಿತು ಅನ್ನುವುದನ್ನು. 110ರಿಂದ ಹೊರಟ ದಿನವನ್ನೂ 130ರಿಂದ ಹೊರಟ ದಿನವನ್ನೂ ನೇರ ಹೋಲಿಸಿದರೆ ಯಾವ ಧಾನ್ಯಕ್ಕೂ ನ್ಯಾಯ ಸಿಗದು.

ಒಂದು ಗಂಟೆಗೆ ಎಲ್ಲಕ್ಕಿಂತ ಮೇಲೆ ಹೋದದ್ದು ಅನ್ನ. ಹಿಟ್ಟು, ಚಪಾತಿ ಅದರ ಕೆಳಗೆ ಹೆಚ್ಚುಕಮ್ಮಿ ಒಟ್ಟೊಟ್ಟಿಗೇ ನಿಂತವು. ನವಣೆ ಎಲ್ಲಕ್ಕಿಂತ ಕೆಳಗೆ. ಎರಡು ಗಂಟೆಯ ಹೊತ್ತಿಗೆ ಅನ್ನಕ್ಕೂ ಹಿಟ್ಟಿಗೂ ಉಳಿದ ಅಂತರ ಮೀಟರಿನ ಆಚೀಚೆಯೊಳಗೇ ಅಡಗಿಹೋಯಿತು. ಅಳತೆ ಸಮ ಮಾಡಿದಾಗ ಹಿಟ್ಟು ಅನ್ನಕ್ಕಿಂತ ಒಂದು ಕೈ ಮೇಲು, ಅಷ್ಟೇ. ಅದು ಮದ್ದಲ್ಲ.

ಹಾಗಿದ್ದರೆ ದಿನಾ ಹಿಟ್ಟು ಉಂಡೂ ಶುಗರ್ ಏಕೆ ಇಳಿಯುವುದಿಲ್ಲ? ಮಂಡ್ಯದ ಮನೆಯ ಒಂದು ಮುದ್ದೆಯನ್ನು ತಕ್ಕಡಿಗೆ ಹಾಕಿ ನೋಡಿ. ಮುದ್ದೆಯ ತೂಕ ಹಾಕಿದ ಹಿಟ್ಟಿನ ಎರಡೂವರೆಯಿಂದ ಮೂರು ಪಟ್ಟು ಇರುತ್ತದೆ. 300 ಗ್ರಾಂ ತೂಗಿದರೆ ಒಳಗೆ 100ರಿಂದ 120 ಗ್ರಾಂ ಹಿಟ್ಟಿದೆ, ಪಿಷ್ಟವೇ 70, 80 ಗ್ರಾಂ. ಅದು ಮುಗಿದ ಮೇಲೆ "ಒಂದಿಷ್ಟು ಅನ್ನ" ಬರುತ್ತದೆ, ಸಾರಿಗೆ ಒಂದು ಸಲ, ಮಜ್ಜಿಗೆಗೆ ಇನ್ನೊಂದು ಸಲ. ಹಿಟ್ಟು ಅನ್ನದ ಬದಲಿಗೆ ಬಂದಿಲ್ಲ, ಅನ್ನದ ಮುಂಚೆ ಬಂದಿದೆ. ಎರಡು ಮುದ್ದೆ ಉಂಡು ತೊಂಬತ್ತು ವರ್ಷ ಬಾಳಿದ ಅಜ್ಜಂದಿರ ಮಾತು ಸುಳ್ಳಲ್ಲ. ಅವರು ಉಂಡು ಗದ್ದೆಗೆ ಹೋಗುತ್ತಿದ್ದರು, ನಾವು ಉಂಡು ಟಿ.ವಿ. ಮುಂದೆ ಕೂರುತ್ತೇವೆ.

ಗಡಿಯಲ್ಲಿರುವವರಿಗೆ ಒಂದು ಹೊತ್ತಿಗೆ 60 ಗ್ರಾಂ ಹಿಟ್ಟಿನ ಮುದ್ದೆ, ಬೆಂದ ಮೇಲೆ 170 ಗ್ರಾಂ ಆಸುಪಾಸು, ಒಳ್ಳೆಯ ಅಳತೆ. ಒಬ್ಬರಿಗಷ್ಟೇ ಇಷ್ಟು ಚಿಕ್ಕ ಮುದ್ದೆ ಕಟ್ಟಲು ಹೋದರೆ ತಳ ಹಿಡಿಯುತ್ತದೆ, ಗಂಟು ನಿಲ್ಲುತ್ತದೆ. ಮನೆಮಂದಿಗೆಲ್ಲ ಒಟ್ಟಿಗೆ ತೊಳಸಿ, ನಿಮ್ಮ ಪಾಲನ್ನು ಮಾತ್ರ ತೂಗಿ ಕಟ್ಟಿಕೊಳ್ಳಿ. ಎಸರು ಕುದಿಯುವಾಗ ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಬಿಟ್ಟು, ಮೇಲೆ ಉಳಿದ ಹಿಟ್ಟು ಗುಡ್ಡೆ ಹಾಕಿ, ನಡುವೆ ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಲು ಬಿಟ್ಟು ತೊಳಸುವುದು ನಿಮಗೆ ಗೊತ್ತಿರುವುದೇ. ಎರಡು ಕಡೆ ಮಾತ್ರ ಕೈ ಬಿಗಿ ಮಾಡಿ. ಎಸರಿಗೆ ನುಚ್ಚಕ್ಕಿ, ಮಿಕ್ಕ ಅನ್ನ ಹಾಕಬೇಡಿ. ಮುದ್ದೆ ಮೆತ್ತಗೆ ಬರಲಿ ಎಂದು ಹಾಕುವ ಆ ಹಿಡಿ ಲೆಕ್ಕಕ್ಕೇ ಬರುವುದಿಲ್ಲ. ಮಿಲ್ಲಿನಿಂದ ಬಂದ ಹಿಟ್ಟನ್ನು ನಯ ಜರಡಿಯಲ್ಲಿ ಸೋಸಿ ತೌಡು ಚೆಲ್ಲಬೇಡಿ. ರಾಗಿಯ ಹೆಚ್ಚುಗಾರಿಕೆ ಇರುವುದೇ ಸಿಪ್ಪೆಯ ನಾರಿನಲ್ಲಿ.

ಅದೇ ರಾಗಿ ಅಂಬಲಿಯಾದರೆ ಕಥೆ ಬೇರೆ. ತೆಳ್ಳಗಿನದು ಹೊಟ್ಟೆಯಿಂದ ಬೇಗ ಇಳಿಯುತ್ತದೆ, ಶುಗರೂ ಬೇಗ ಏರುತ್ತದೆ. ಮೊಳಕೆ ರಾಗಿಯ ಮಾಲ್ಟ್ ಇನ್ನೂ ಬೇಗ, ಮೊಳಕೆ ಬರುವಾಗಲೇ ಪಿಷ್ಟ ಸಕ್ಕರೆಯಾಗಿ ಒಡೆಯಲು ಶುರುವಾಗಿರುತ್ತದೆ. ಅದಕ್ಕೆ ಬೆಲ್ಲ ಬೇರೆ. ಆಲೆಮನೆಯ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಬೆಲ್ಲದ ಬಹುಪಾಲು ಸಕ್ಕರೆಯೇ. ರಾಸಾಯನಿಕ ಇಲ್ಲದ ಬೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇದೆ. ಮದ್ದೂರಿನ ಎಳನೀರು ಅದಕ್ಕಿಂತ ಎಷ್ಟೋ ವಾಸಿ, ಬಲಿತ ಗಂಜಿಕಾಯಿ ಬಿಟ್ಟು ನೀರು ಮಾತ್ರ. ಮದ್ದೂರು ವಡೆ ಮೈದಾ, ರವೆ, ಅಕ್ಕಿ ಹಿಟ್ಟಿನದು. ಎಣ್ಣೆಯ ಮಾತು ಆಮೇಲೆ.

ಚಪಾತಿಯಲ್ಲಿ ಮೋಸ ಎಣಿಕೆಯದು. ನಾಲ್ಕನೆಯದು ತಟ್ಟೆಗೆ ಬಿತ್ತೆಂದರೆ ಅನ್ನ ಬಿಟ್ಟ ಪುಣ್ಯ ಅಲ್ಲಿಗೇ ಮುಗಿಯಿತು. ನವಣೆಯಲ್ಲಿ ಮೋಸ ಬಿಳುಪಿನದು. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಕಾಳಿಗೆ ತೌಡು ಹೋಗಿರುತ್ತದೆ. ಮಾಸಲು ಬಣ್ಣದ್ದು, ಪಾಲಿಶ್ ಇಲ್ಲದ್ದು ತಂದು, ನೆನೆಸಿ, ಉದುರಾಗಿ ಬೇಯಿಸಬೇಕು. ಕುಕ್ಕರಿನಲ್ಲಿ ಬಿಸಿಬೇಳೆಬಾತಿನ ಹದಕ್ಕೆ ಕರಗಿಸಿದ ದಿನ ಅದು ಅನ್ನದ ಹತ್ತಿರಕ್ಕೇ ಬಂತು. ರಾಜಮುಡಿ ಅಕ್ಕಿಯದೂ ಅದೇ ಮಾತು: ಕೆಂಪು ಉಳಿದಿದ್ದರೆ, ಅಗಿಯುವಂತಿದ್ದರೆ ಮಾತ್ರ ಲಾಭ.

ಧಾನ್ಯ ಬದಲಿಸಿದ್ದಕ್ಕಿಂತ ದೊಡ್ಡ ವ್ಯತ್ಯಾಸ ಬಂದದ್ದು ತಟ್ಟೆಯ ಕ್ರಮ ಬದಲಿಸಿದಾಗ. ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಸೌತೆಕಾಯಿ ಕೋಸಂಬರಿ. ಆಮೇಲೆ ಬಸ್ಸಾರಿನ ಕಾಳು, ಇಲ್ಲವೇ ಒಂದು ಮೊಟ್ಟೆ. ಹತ್ತು ನಿಮಿಷದ ಮೇಲೆ ಅನ್ನ. ಈ ಕ್ರಮದಲ್ಲಿ ಉಂಡ ಸೋನಾ ಮಸೂರಿ, ಬರೀ ಸಾರಿನ ಜೊತೆ ಉಂಡ ಹಿಟ್ಟಿಗಿಂತ ಒಂದು ಗಂಟೆಯ ಅಂಕಿಯಲ್ಲಿ ಕೆಳಗಿತ್ತು. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಪಿಷ್ಟ ಒಮ್ಮೆಗೇ ರಕ್ತಕ್ಕೆ ನುಗ್ಗುವುದಿಲ್ಲ. ಅನ್ನ ಬಿಟ್ಟು ಬದುಕಲಾರೆ ಎನ್ನುವವರು ಅನ್ನವನ್ನು 120 ಗ್ರಾಂಗೆ ಇಳಿಸಿ, ಕಾಳನ್ನು ಎರಡು ಪಟ್ಟು ಮಾಡಲಿ. ನಾವು ಅಳೆದ ಊಟಗಳಲ್ಲಿ ಎಲ್ಲಕ್ಕಿಂತ ಕಡಿಮೆ ಏರಿದ್ದು ಈ ತಟ್ಟೆಯೇ.

ನಡಿಗೆಯಲ್ಲೂ ಮೂರು ದಾರಿ ಹೋಲಿಸಿದ್ದಾಯಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ರಾತ್ರಿ ಊಟ ಮುಗಿದ ಅರ್ಧ ಗಂಟೆಯೊಳಗೆ ಬೀದಿಯಲ್ಲಿ 15ರಿಂದ 20 ನಿಮಿಷ, ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು. ಕೆರೆಯ ಸುತ್ತು ತೂಕಕ್ಕೆ, ಬಿ.ಪಿ.ಗೆ, ನಿದ್ದೆಗೆ ಒಳ್ಳೆಯದು. ಆದರೆ ಆರು ಗಂಟೆಗೆ ನಡೆದದ್ದು ರಾತ್ರಿ ಒಂಬತ್ತರ ಊಟದ ಏರಿಕೆಯನ್ನು ಅಷ್ಟಾಗಿ ತಡೆಯಲಿಲ್ಲ. ಅದನ್ನು ತಡೆದದ್ದು ಊಟದ ನಂತರದ ಆ ಹದಿನೈದು ನಿಮಿಷ, ಅದೂ ಧಾನ್ಯಗಳ ನಡುವಿನ ಅಂತರಕ್ಕಿಂತ ಹೆಚ್ಚಾಗಿ. ಓಡಾಡುವ ಕಾಲಿನ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅದು ಏರುತ್ತಿರುವ ಹೊತ್ತಿಗೇ ಎಳೆದರೆ ಶಿಖರ ತಗ್ಗುತ್ತದೆ. ಎರಡರಲ್ಲಿ ಒಂದೇ ಸಾಧ್ಯ ಎನ್ನುವವರಿಗೆ ನಮ್ಮ ಮಾತು, ರಾತ್ರಿಯದನ್ನು ಹಿಡಿಯಿರಿ. ನಾಲೆ ಏರಿಯ ಮೇಲೆ ಕತ್ತಲಲ್ಲಿ ಬೇಡ. ಹಾವು, ಜಾರುವ ಅಂಚು. ಊರೊಳಗಿನ ದೀಪದ ಬೀದಿ ಸಾಕು. ಮಳೆ ಬಂದರೆ ಹಜಾರದಲ್ಲೇ ಕುರ್ಚಿ ಹಿಡಿದು ಹತ್ತು ಹತ್ತರಂತೆ ಮೂರು ಸಲ ಕೂತು ಏಳಿ.

ಬೆಟ್ಟದ ಸಾವಿರ ಮೆಟ್ಟಿಲು ತೊಡೆಗೆ ಬಲ ಕೊಡುತ್ತದೆ, ಸಕ್ಕರೆ ಹೋಗಿ ಸೇರುವ ದೊಡ್ಡ ಸ್ನಾಯು ಅಲ್ಲೇ ಇರುವುದು. ಆದರೆ ಬರಿಗಾಲಲ್ಲಿ ಹತ್ತುವ ಹರಕೆಯನ್ನು, ಪಾದ ಜೋಮು ಹಿಡಿದಂತಿರುವವರು ದಯವಿಟ್ಟು ಬಿಡಬೇಕು. ಚುಚ್ಚಿದ ಕಲ್ಲು ಗೊತ್ತಾಗುವುದಿಲ್ಲ, ಗಾಯ ಕಾಣುವ ಹೊತ್ತಿಗೆ ಕೀವಾಗಿರುತ್ತದೆ. ಮಂಡಿ ನೋವಿನವರು ಹತ್ತಿ, ಇಳಿಯಲು ಬಸ್ಸು ಹಿಡಿಯಲಿ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಖಾಲಿ ಹೊಟ್ಟೆಯಲ್ಲಿ ಜೋರಾಗಿ ಹತ್ತಿ ತಕ್ಷಣ ಅಳೆದರೆ ಕೆಲವರಿಗೆ ಅಂಕಿ ಏರಿಯೇ ಇರುತ್ತದೆ. ಗಾಬರಿ ಬೇಡ, ದಣಿದ ಮೈಗೆಂದು ಯಕೃತ್ತು ಬಿಡುಗಡೆ ಮಾಡಿದ ಸಕ್ಕರೆ ಅದು.

ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ: ತಿನ್ನಿ, ಆದರೆ ಮಾತ್ರೆಯ ಬದಲಿಗಲ್ಲ. ಗ್ಲಿಮೆಪಿರೈಡ್ ತರಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಬರಹ ನೋಡಿ ತಾವಾಗಿಯೇ ಊಟ ಇಳಿಸಿ ನಡಿಗೆ ಏರಿಸಬಾರದು, ಡೋಸ್ ಬದಲಿಸಬೇಕಾಗುತ್ತದೆ. ನಡುಕ, ಬೆವರು, ಕಣ್ಣು ಕತ್ತಲೆ ಬಂದು ಅಂಕಿ 70ರ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮೈ ವೇಗವಾಗಿ ಇಳಿಯುತ್ತಿದ್ದರೆ, ವಾಂತಿ, ಏದುಸಿರು ಇದ್ದರೆ, ಅಂಕಿ 300ರ ಆಸುಪಾಸು ಇದ್ದರೆ ತಟ್ಟೆಯ ಪ್ರಯೋಗಕ್ಕೆ ಅದು ಹೊತ್ತಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.

ಉಳಿದವರು ವೈದ್ಯರ ಒಪ್ಪಿಗೆಯಿಂದ ಮೂರು ತಿಂಗಳು ಹೀಗೆ ನಡೆಸಿ, ಅದೇ ಲ್ಯಾಬಿನಲ್ಲಿ ಎಚ್‌ಬಿಎ1ಸಿ ಮತ್ತೆ ಮಾಡಿಸಿ. ಮೀಟರಿನ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ: ದಿನ, ಉಂಡದ್ದು, ತೂಕ, ನಡೆದ ನಿಮಿಷ, ಮೂರು ಅಂಕಿ. ಶುಗರ್ ಎಂದು ತೀರ್ಮಾನವಾದವರ ಅಂಕಿ ಆಗಲೂ 6.5ರ ಮೇಲೇ ನಿಂತಿದ್ದು ವೈದ್ಯರು ಮಾತ್ರೆ ಬರೆದರೆ ಬೇಡವೆಂದು ಹಟ ಹಿಡಿಯಬೇಡಿ. ಮಾತ್ರೆ ಶುರುವಾದ ಮೇಲೂ ತಟ್ಟೆಯ ಅಳತೆ, ರಾತ್ರಿಯ ನಡಿಗೆ ಹಾಗೇ ಮುಂದುವರಿಯಬೇಕು.